ಮಗ್ಗ ನಿಂತ ಬೆಳಿಗ್ಗೆ

ನಮ್ಮ ಬೀದಿಯಲ್ಲಿ ಮಗ್ಗಗಳು ಒಟ್ಟಿಗೆ ನಿಲ್ಲುವುದು ಸಾವಿಗೆ ಮಾತ್ರ. ಆಮೇಲೆ ಸಾವಿನ ಮನೆಯವರೇ ಬಾಗಿಲು ಬಾಗಿಲಿಗೆ ಬಂದು ‘ಇಳೀರಪ್ಪಾ’ ಎನ್ನುವವರೆಗೆ ಯಾರೂ ಮಗ್ಗದ ಗುಂಡಿಗೆ ಕಾಲು ಇಳಿಬಿಡುವುದಿಲ್ಲ. ಅಂಗಡಿಯಲ್ಲಿ ಕೊಳ್ಳೇಗಾಲದ ರೇಷ್ಮೆ ಸೀರೆ ಎಂದು ಮುಟ್ಟಿ ಮುಟ್ಟಿ ನೋಡುತ್ತೀರಲ್ಲ, ಅದು ಹುಟ್ಟುವ ಬೀದಿ ಇದು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಟಕಟಕ ಸದ್ದು. ಅದು ನಿಂತರೆ ನಮಗೆ ಎದೆ ಧಸಕ್ಕೆನ್ನುತ್ತದೆ.

ನನ್ನ ಪಕ್ಕದ ಮನೆ ವಾಣಿಶ್ರೀಯದು. ಯಳಂದೂರಿನ ಹುಡುಗಿ. ಪಿಯುಸಿ ಮುಗಿಸಿ ಟೀಚರ್ ಆಗುತ್ತೇನೆ ಎಂದು ಕುಣಿಯುತ್ತಿದ್ದವಳನ್ನು ಮದುವೆ ಮಾಡಿ ತಂದು ಮಗ್ಗದ ಮುಂದೆ ಕೂರಿಸಿದರು. ಗಂಡ ಉಮೇಶ್ ನೇಯ್ಗೆ ಬಿಟ್ಟು ಕುಂತೂರಿನ ಸಕ್ಕರೆ ಕಾರ್ಖಾನೆ ಸೇರಿಕೊಂಡ. ಅವನು ಬಿಟ್ಟ ಸೀರೆಗಳೂ ಇವಳ ತಲೆಗೇ ಬಂದವು. ಈಗ ಮಂಡಿ ಹೋಗಿದೆ. ಗುಂಡಿಗೆ ಇಳಿಯುವುದು ನಿಲ್ಲಿಸಮ್ಮ ಎಂದ ಡಾಕ್ಟರನ್ನು, ನಿಲ್ಲಿಸಿ ಏನು ತಿನ್ನಲಿ ಸಾರ್ ಎಂದು ಕೇಳಿ ಬಂದವಳು ಅವಳು.

ಫೋನಿನಲ್ಲಿ ಆ ಕೋರ್ಸು ಸಿಕ್ಕಿದ್ದು ಆಗಲೇ. ಪುಟ್ಟ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬ ಕೋರ್ಸು. ಎಲ್ಲೋ ದೂರದ ದೊಡ್ಡ ವಿಶ್ವವಿದ್ಯಾಲಯ ಅದನ್ನು ಪುಕ್ಕಟೆಯಾಗಿ, ಯಾರು ಬೇಕಾದರೂ ಕಲಿಯಲಿ ಎಂದು ತೆರೆದಿಟ್ಟಿತ್ತು. ವಾಣಿಶ್ರೀ ಕಿವಿಗೆ ವೈರು ಸಿಕ್ಕಿಸಿಕೊಂಡು, ಲಾಳಿ ಎಸೆಯುತ್ತಲೇ ಎಲ್ಲ ಪಾಠ ಕೇಳಿದಳು. ಇಂಗ್ಲಿಷ್ ಪಾಠದ ಕೆಳಗೆ ಕನ್ನಡ ಅಕ್ಷರ ಬರುತ್ತಿತ್ತು. ಅದನ್ನು ಓದಿದರೆ ಬರುವ ಕನ್ನಡವೂ ಮರೆತುಹೋಗಬೇಕು, ಹಾಗಿತ್ತು.

“ಏನ್ ಮೇಡಂ, ಸೀರೆ ನೇಯ್ತಿದ್ದೀರೋ ಸರ್ಟಿಫಿಕೇಟ್ ನೇಯ್ತಿದ್ದೀರೋ?” ಎಂದು ನಾನು ರೇಗಿಸುತ್ತಿದ್ದೆ.

“ಎರಡೂನೂವೆ ಕಣ್ ನಿರಂಜನಣ್ಣ. ಯಾವ್ದು ಮೊದ್ಲು ಕಿತ್ತೋಯ್ತದೋ ನೋಡವ,” ಎನ್ನುತ್ತಿದ್ದಳು.

ಹನೂರಿನಲ್ಲಿ ಹೊಸದಾಗಿ ಶುರುವಾದ ಒಂದು ಶಿಶುವಿಹಾರದವರು, ಜೂನ್ ಒಳಗೆ ಸರ್ಟಿಫಿಕೇಟ್ ತಂದರೆ ಕೆಲಸ ನಿಮ್ಮದು ಎಂದಿದ್ದರು. ಅದಕ್ಕೆ ಒಂದು ಪರೀಕ್ಷೆ. ಮನೆಯಲ್ಲೇ ಫೋನಿನ ಕ್ಯಾಮೆರಾ ಮುಂದೆ ಕೂತು ಬರೆಯಬೇಕು. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಇನ್ನೊಂದು ಸದ್ದು ಇರಬಾರದು, ಬಾಯಿ ಬಿಡಬಾರದು. ಈ ಸಲ ತಪ್ಪಿದರೆ ಮತ್ತೆ ಡಿಸೆಂಬರ್‌ಗೆ.

ಪರೀಕ್ಷೆಯ ಹಿಂದಿನ ವಾರ ಅವಳು ಒಮ್ಮೆ ಅಭ್ಯಾಸಕ್ಕೆಂದು ಬರೆದು ನೋಡಿದಳು. ಅಕ್ಕಪಕ್ಕದ ಮಗ್ಗದ ಸದ್ದಿಗೆ ಫೋನು ಕೆಂಪಾಗಿ, ನಿಮ್ಮ ಕೋಣೆಯಲ್ಲಿ ಬೇರೆಯವರಿದ್ದಾರೆ ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ಬೇರೆಯವರಲ್ಲ ಗುರುವೇ, ನಾವು, ಹೊಟ್ಟೆಪಾಡಿಗೆ ನೇಯುತ್ತಿದ್ದೇವೆ ಎಂದು ಅದಕ್ಕೆ ಹೇಳುವವರು ಯಾರು? ಪಾಠ ಪುಕ್ಕಟೆಯಂತೆ! ಸದ್ದಿಲ್ಲದ ಒಂದು ಕೋಣೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂದುಕೊಂಡವರ ಪುಕ್ಕಟೆ ಅದು. ನನಗೆ ಈಗಲೂ ಮೈ ಉರಿಯುತ್ತದೆ.

ವಾಣಿಶ್ರೀ ಬೀದಿಯ ಹಿರಿಯ ಜವರಯ್ಯನವರ ಜಗಲಿಗೆ ಹೋಗಿ ನಿಂತಳು. ಪರೀಕ್ಷೆಯ ಬೆಳಿಗ್ಗೆ ಒಂದು ಗಂಟೆ ಹೊತ್ತು ಬೀದಿಯ ಮಗ್ಗ ನಿಲ್ಲಿಸಿಕೊಡಿ ಎಂದು ಕೇಳಿದಳು.

“ಅಪಶಕುನ ಕಣವ್ವ,” ಎಂದರು ಜವರಯ್ಯ. “ಬದುಕಿರೋರ್ಗೆ ಯಾವತ್ತಾರ ಮಗ್ಗ ನಿಲ್ಸಿದ್ದುಂಟಾ?”

“ನನ್ ಮಂಡಿ ಸತ್ತೋಗ್ಯದೆ ಮಾವ. ಅದಕ್ಕೇ ನಿಲ್ಸಿ ಅನ್ಕಳಿ.”

ಮುದುಕರು ಅವಳ ಮಂಡಿಯತ್ತ ಒಮ್ಮೆ ನೋಡಿ, “ಓಗು, ಬರಿ,” ಎಂದರು.

ಮನೆಮನೆಗೆ ಹೇಳಿದೆವು. ಆದರೆ ನಮ್ಮ ಬೀದಿಗೆ ಮಾತ್ರ ಹೇಳಿದೆವು. ಪಕ್ಕದ ಬೀದಿಗೂ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ, ನಮ್ಮ ಬುದ್ಧಿಗಿಷ್ಟು!

ಪರೀಕ್ಷೆಯ ದಿನ ಬೀದಿ ಗಪ್‌ಚಿಪ್. ವಾಣಿಶ್ರೀ ಒಳಕೋಣೆಯಲ್ಲಿ ಫೋನು ನಿಲ್ಲಿಸಿಕೊಂಡು ಕೂತಳು. ಅವಳ ಅತ್ತೆ ಚೌಡೇಶ್ವರಿ ಉಬ್ಬಸಕ್ಕೆಂದು ಆಸ್ಪತ್ರೆ ಸೇರಿ ಆಗಷ್ಟೇ ಮನೆಗೆ ಬಂದಿದ್ದರು. ಆದರೂ ಯಾರೂ ಒಳಗೆ ಹೋಗದಂತೆ ಜಗಲಿಯಲ್ಲಿ ಕಾವಲು ಕೂತರು.

ಅತ್ತ ಪಕ್ಕದ ಬೀದಿಯಲ್ಲಿ, ಮಗ್ಗ ನಿಂತಿವೆ ಎಂದೊಡನೆ ಚೌಡೇಶ್ವರಮ್ಮ ಹೋದರು ಎಂದೇ ತೀರ್ಮಾನವಾಯಿತು. ಆ ಸುದ್ದಿ ಸಂತೆಗೂ ಹೋಯಿತು. ಚೌಡೇಶ್ವರಿಯ ತಂಗಿ ಸುವರ್ಣಮ್ಮ ಅಗರದಿಂದ ಅಂದು ಸಂತೆಗೆ ಬಂದಿದ್ದರು. ಕೇಳಿದ್ದೇ ತಡ, ಒಂದು ಹಾರ ಕೊಂಡು ಆಟೋ ಹತ್ತಿದರು.

“ಅಯ್ಯೋ ನನ್ನಕ್ಕಾ, ನನ್ನ ಬುಟ್ಟು ಒಂಟೋದ್ಯಾ!” ಎಂದು ಎದೆ ಬಡಿದುಕೊಳ್ಳುತ್ತ ಇಳಿದು ನೋಡಿದರೆ ಅಕ್ಕ ಜಗಲಿಯಲ್ಲಿ ಜೀವಂತ. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಗ್ಗ ಸುಮ್ಮನೆ ನಿಲ್ಲುವುದುಂಟೆ? ಅಕ್ಕ ಬದುಕಿದ್ದರೆ ಸತ್ತವರು ಇನ್ಯಾರು?

“ಆಗಾದ್ರೆ ವಾಣಿನಾ!” ಎಂದು ಕಿರುಚಿದರು. ಚೌಡೇಶ್ವರಿ ಕೈ ಅಡ್ಡ ಹಿಡಿದು ಏನೋ ಹೇಳಲು ಹೋದರು, ಕೆಮ್ಮು ಒತ್ತರಿಸಿ ಮಾತೇ ಹೊರಡಲಿಲ್ಲ. ಗಲಾಟೆ ಕೇಳಿ ನಾನು ಗೋಡೆ ಬಳಸಿ ಓಡಿ ಬರುವಷ್ಟರಲ್ಲಿ ಸುವರ್ಣಮ್ಮ ಒಳಗಿದ್ದರು.

ವಾಣಿಶ್ರೀ ಫೋನಿನ ಮೇಲೆ ನೆಟ್ಟ ಕಣ್ಣು ತೆಗೆಯದೆ, ಬಾಯಿ ಬಿಗಿದುಕೊಂಡು ಕೂತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹೋಗಿ ಎಂದು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ.

“ಕಣ್ಣು ನೆಟ್ಟೋಗವೆ! ಮಾತಾಡು ಮಗಾ, ಮಾತಾಡು!” ಎಂದು ಸುವರ್ಣಮ್ಮ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಫೋನು ಕೆಂಪಾಯಿತು. ಪರೀಕ್ಷೆ ಅಲ್ಲಿಗೇ ನಿಂತಿತು.

ಆಗ ಮಾತಾಡಿದಳು ವಾಣಿಶ್ರೀ. “ಬದುಕಿವ್ನಿ ಕಣ್ ಚಿಕ್ಕತ್ತೆ. ಅಳ್ಬೇಡಿ. ಕಾಫಿ ಮಾಡ್ತೀನಿ ಕೂತ್ಕಳಿ,” ಎಂದಳು.

ಸುವರ್ಣಮ್ಮನಿಗೆ ಆದದ್ದೇನೆಂದು ನಾನೇ ಬಿಡಿಸಿ ಹೇಳಬೇಕಾಯಿತು. ಆ ತಾಯಿ ಲೋಟ ಮುಟ್ಟದೆ, ಹಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆ ಹಿಡಿದರು. ಬೈಯಲು ಹೊರಟಿದ್ದ ನಾನು ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದೆ. ಯಾರನ್ನು ಬೈಯುವುದು?

ಗಂಟೆ ಕಳೆಯಿತು. ಇಡೀ ಬೀದಿ ಜಗಲಿಗಳ ಮೇಲೆ ನಿಂತಿತ್ತು, ಒಬ್ಬರೂ ಮಗ್ಗಕ್ಕೆ ಇಳಿದಿರಲಿಲ್ಲ. ಯಾರ ಮನೆಗಾಗಿ ನಿಲ್ಲಿಸಿದೆವೋ ಅವರು ಬಂದು ಹೇಳಬೇಕಲ್ಲ. ವಾಣಿಶ್ರೀಗೂ ಅದು ಗೊತ್ತಿತ್ತು. ಮುಖ ತೊಳೆದುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಬಂದಳು.

ಜವರಯ್ಯನವರ ಮನೆಯಿಂದ ಶುರುಮಾಡಿ ಕುಂಟುತ್ತ ಒಂದೊಂದೇ ಬಾಗಿಲಿಗೆ ಹೋದಳು. ಕೊನೆಗೆ ನನ್ನ ಬಾಗಿಲಿಗೆ ಬಂದಳು.

“ಆಯ್ತು ಕಣಣ್ಣ,” ಎಂದಳು. “ಇಳೀರಿ.”