ದಡ ಬೆಳೆದ ವರ್ಷ

ಬೆಳಕು ಹರಿಯುವ ಮುಂಚೆಯೇ ಅಳತೆಯಕ್ಕ ಚಪ್ಪಲಿ ಕಳಚಿಟ್ಟು ಕಬ್ಬಿಣದ ಕಂಬದ ಬಳಿ ನಿಂತಿದ್ದಾರೆ. ಟೇಪಿನ ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿ, ಅಲೆ ಬಂದು ತಿರುಗಿ ಹೋದ ಒದ್ದೆ ಗೆರೆಯವರೆಗೂ ಎಳೆಯುತ್ತಾರೆ. ತೊಂಬತ್ತು ಅಡಿ. ತಮ್ಮ ಕಣ್ಣನ್ನೇ ನಂಬದವರಂತೆ ಇನ್ನೊಮ್ಮೆ ಎಳೆಯುತ್ತಾರೆ. ತೊಂಬತ್ತೇ. ಆಮೇಲೆ ನದಿ ಸಮುದ್ರ ಸೇರುವಲ್ಲಿ ಒಂದು ಬಾಟಲಿ ನೀರು, ಊರಿನ ಚರಂಡಿ ಬಂದು ಬೀಳುವಲ್ಲಿ ಇನ್ನೊಂದು. ಒಂದರಲ್ಲಿ ಹೂಳೆಷ್ಟು, ಇನ್ನೊಂದರಲ್ಲಿ ಕೊಳಕೆಷ್ಟು ಎಂದು ಪ್ರಯೋಗಾಲಯ ಹೇಳುತ್ತದೆ. ಹೊತ್ತು ತರುವ ಕೆಲಸ ಇವರದು.

ಕಡಲ ಕೊರೆತ ಅಧ್ಯಯನ ಮಾಡುವ ಸಣ್ಣ ಕೇಂದ್ರದಲ್ಲಿ ಇವರು ಸಹಾಯಕಿ. ಸೇರಿ ಮೂವತ್ತೊಂದು ವರ್ಷವಾಯಿತು. ವರದಿಗಳ ಮೇಲೆ ವಿಜ್ಞಾನಿಯ ಹೆಸರಿರುತ್ತದೆ. ಆ ವಿಜ್ಞಾನಿಯನ್ನು ಇವರು ‘ಮೇಡಂ’ ಎಂದರೆ, ಅವರು ಇವರನ್ನು ‘ಅಕ್ಕ’ ಎನ್ನುತ್ತಾರೆ.

ಕೆಲಸಕ್ಕೆ ಸೇರಿದಾಗ ದಡ ಇನ್ನೂರ ನಲವತ್ತು ಅಡಿ ಇತ್ತು. ಅಳತೆಯಕ್ಕ ನೀರಿನತ್ತ ಕೈ ತೋರುತ್ತಾರೆ. “ಅಗೋ, ಆ ಅಲೆ ಒಡೀತಿದೆಯಲ್ಲ, ಅಲ್ಲಿ ದೋಣಿ ರಿಪೇರಿ ಶೆಡ್ ಇತ್ತು. ನಮ್ಮ ಯಜಮಾನರು ಅಲ್ಲೇ ಇಂಜಿನ್ ಬಿಚ್ಚಿಕೊಂಡು ಕೂತಿರೋರು. ಆಗಿನ್ನೂ ಮದುವೆ ಆಗಿರಲಿಲ್ಲ. ‘ಏನಮ್ಮಾ, ದಿನಾ ಅಳತೆ ತಗೋತೀಯಲ್ಲ, ಸಮುದ್ರಕ್ಕೆ ಅಂಗಿ ಹೊಲಿಸ್ತೀಯಾ?’ ಅಂತ ರೇಗಿಸೋರು. ‘ನಿಮ್ಮ ನಾಲಿಗೆದೂ ಅಳತೆ ಕೊಡಿ, ಒಂದು ಚೀಲ ಹೊಲಿಸ್ತೀನಿ’ ಅಂದಿದ್ದೆ.” ಶೆಡ್ ಹೋಗಿ ಹದಿನೈದು ವರ್ಷವಾಗಿದೆ. ಅದಿದ್ದ ಜಾಗವನ್ನು ಅವರು ಈಗಲೂ ‘ಶೆಡ್ಡಿನ ಹತ್ತಿರ’ ಎಂದೇ ಕರೆಯುತ್ತಾರೆ.

ದಡ ವರ್ಷದಿಂದ ವರ್ಷಕ್ಕೆ ಸವೆಯುತ್ತಲೇ ಬಂದಿದೆ, ಒಂದೇ ಒಂದು ವರ್ಷದ ಹೊರತು. ಇವರ ನೌಕರಿಯ ಎಂಟನೆಯ ವರ್ಷ ಇನ್ನೂರೆಂಟು ಅಡಿಯ ದಡ ಇದ್ದಕ್ಕಿದ್ದಂತೆ ಇನ್ನೂರೈವತ್ತಾಯಿತು. ಬಂದರಿನವರು ಕಲ್ಲಿನ ಗೋಡೆ ಕಟ್ಟಿದ್ದೂ ಅದೇ ವರ್ಷ. ಈಗ ಅವರು ಗೋಡೆಯನ್ನು ಇನ್ನೂ ಉದ್ದ ಮಾಡಲು ಹೊರಟಿದ್ದಾರೆ. ಗೋಡೆ ಮರಳನ್ನು ತಡೆದು ದಡವನ್ನು ಬರಿದು ಮಾಡುತ್ತಿದೆ ಎನ್ನುವುದು ಮೇಡಂ ವಾದ. ಈ ಬಗ್ಗೆ ಕಳೆದ ತಿಂಗಳು ನಡೆದ ಸರ್ಕಾರಿ ವಿಚಾರಣೆಯಲ್ಲಿ ಬಂದರಿನ ಅಧಿಕಾರಿ ಆ ಒಂದು ಅಂಕಿಯ ಮೇಲೆ ಬೆರಳಿಟ್ಟರು: “ನಿಮ್ಮದೇ ಪುಸ್ತಕ ಹೇಳ್ತಿದೆ, ಗೋಡೆ ಕಟ್ಟಿದ ವರ್ಷ ದಡ ಬೆಳೆದಿದೆ.”

ಫೈಲು ಹಿಡಿದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಳತೆಯಕ್ಕನಿಗೆ ತಕ್ಷಣ ನೆನಪಾಯಿತು. ಆ ವರ್ಷ ಟೇಪು ತುಕ್ಕು ಹಿಡಿದು ತುಂಡಾಗಿತ್ತು. ಹೊಸದು ಬರುವವರೆಗೆ ಹೆಜ್ಜೆ ಎಣಿಸಿ ಎಂದು ಮೇಡಂ ಹೇಳಿದ್ದರು. ಹೆಜ್ಜೆಯೊಂದಕ್ಕೆ ಎರಡೂವರೆ ಅಡಿಯ ಲೆಕ್ಕ.

“ಎರಡು ದಿನ ಊಟ ಸೇರಲಿಲ್ಲ. ಹೇಳಿದ್ರೆ ಮೂವತ್ತೊಂದು ವರ್ಷದ ಪುಸ್ತಕಾನೇ ಸುಳ್ಳು ಅಂತಾರೆ. ಹೇಳದಿದ್ರೆ ಗೋಡೆ ಬರುತ್ತೆ. ಮೂರನೇ ದಿನ ಹೋಗಿ ಹೇಳಿಬಿಟ್ಟೆ: ಆ ವರ್ಷ ದಡ ಅಗಲ ಆಗಿರಲಿಲ್ಲ ಮೇಡಂ, ನಾನು ಅಗಲ ಆಗಿದ್ದೆ. ವರ್ಷದ ಅಳತೆ ಬರೆದಾಗ ಏಳು ತಿಂಗಳ ಬಸುರಿ. ಹೆಜ್ಜೆ ಗಿಡ್ಡ ಆಗಿತ್ತು.”

ಮೇಡಂ ಮೊದಲು ನಕ್ಕರು. ನಗು ನಿಂತ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಹೆಜ್ಜೆ ಎಣಿಸಿ ಅಂದವಳು ನಾನೇ ಅಲ್ವಾ ಅಕ್ಕ,” ಎಂದವರು ಕೇಳಿದರು, “ಎಷ್ಟು ಗಿಡ್ಡ ಆಗಿತ್ತು ಅಂತ ಹೇಗೆ ತೋರಿಸೋದು?”

ಅಳತೆಯಕ್ಕ ಹಳೆಯ ಪುಸ್ತಕ ತೆರೆದರು. ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದು ಪುಟ್ಟ ಅಂಕಿ ಇತ್ತು. ತಮ್ಮ ಕಾಲಿನ ಮೇಲೆ ತಮಗೇ ಭರವಸೆ ಇಲ್ಲದೆ, ಆ ವರ್ಷವೆಲ್ಲ ಅವರು ಕೇಂದ್ರದ ಗೇಟಿನಿಂದ ಉಗ್ರಾಣದ ಬಾಗಿಲಿಗೂ ಹೆಜ್ಜೆ ಎಣಿಸಿ ಬರೆದಿಟ್ಟಿದ್ದರು. ಮೊದಲು ನಲವತ್ತು. ಬರುಬರುತ್ತ ನಲವತ್ತಮೂರು, ನಲವತ್ತಾರು. ಏಳನೇ ತಿಂಗಳಲ್ಲಿ ಐವತ್ತು. ಬರೆದದ್ದೇನೋ ಹೌದು, ಅದನ್ನು ದಡದ ಲೆಕ್ಕಕ್ಕೆ ತಾಳೆ ಹಾಕಬೇಕೆಂದು ಮಾತ್ರ ಆಗ ಅವರಿಗೂ ಹೊಳೆಯಲಿಲ್ಲ, ಇನ್ನೂರೈವತ್ತು ಎಂಬ ಅಂಕಿ ನೋಡಿದ ಮೇಡಂ ಕೂಡ ಕೇಳಲಿಲ್ಲ.

ಗೇಟೂ ಬಾಗಿಲೂ ಇದ್ದಲ್ಲೇ ಇವೆ. ವಿಚಾರಣೆಯವರು ತಾವೇ ಬಂದು ಟೇಪು ಹಿಡಿದರು: ನೂರು ಅಡಿ. ಅಂದರೆ ಹೆಜ್ಜೆ ಎರಡೇ ಅಡಿಗೆ ಇಳಿದಿತ್ತು; ದಡ ಇನ್ನೂರೈವತ್ತಲ್ಲ, ಇನ್ನೂರು. ಬೆಳೆದಿರಲಿಲ್ಲ, ಎಂಟಡಿ ಸವೆದಿತ್ತು. ಗೋಡೆಯ ಕೆಲಸ ಸದ್ಯಕ್ಕೆ ನಿಂತಿದೆ.

ತಿದ್ದಿದ ವರದಿಯ ಅಡಿಟಿಪ್ಪಣಿ ಹೀಗಿದೆ: ‘ಆ ವರ್ಷ ಅಳತೆ ಮಾಡಿದವರು ಗರ್ಭಿಣಿಯಾಗಿದ್ದರು.’ ಇಪ್ಪತ್ತಮೂರರ ಮಗಳು ಅದನ್ನು ಓದಿ, “ಅಮ್ಮಾ, ಹುಟ್ಟೋಕೆ ಮುಂಚೆನೇ ನನ್ನ ಮೇಲೆ ದೂರಾ?” ಎಂದಳಂತೆ.

ಇನ್ನು ನಾಲ್ಕು ತಿಂಗಳಿಗೆ ಅಳತೆಯಕ್ಕನಿಗೆ ನಿವೃತ್ತಿ. ತಮ್ಮ ನಂತರ ಬರುವವರಿಗೆ ಎರಡು ಟೇಪು ಕೊಡಿ ಎಂದಷ್ಟೇ ಅವರು ಕೇಳಿಕೊಂಡಿದ್ದಾರೆ. ಬಾಟಲಿಗಳ ಬಿರಡೆ ಬಿಗಿ ಮಾಡುತ್ತ ಹೇಳುತ್ತಾರೆ:

“ಇಷ್ಟು ವರ್ಷದಲ್ಲಿ ವರದಿಯೊಳಗೆ ನಾನು ಬಂದಿರೋದು ಅದೊಂದೇ ಸಾಲಲ್ಲಿ. ಅದೂ ತಪ್ಪಿನ ಸಾಲು. ಇರಲಿ ಬಿಡಿ. ಓದಿದವರಿಗೆ ಅಲ್ಲಿ ಒಬ್ಬಳು ನಡೆದಿದ್ಲು ಅಂತ ಗೊತ್ತಾಗುತ್ತಲ್ಲ.”