ಜನರಿಲ್ಲದ ಬಸ್ಸು, ಜನರಿಲ್ಲದ ಕಡಲು

ನಾನು ಬಸ್ಸಿನ ಫೋಟೋ ತೆಗೆಯುತ್ತೇನೆ. ರೈಲಿನದೂ ತೆಗೆಯುತ್ತೇನೆ, ಸಮುದ್ರದ ದಂಡೆಯದೂ ತೆಗೆಯುತ್ತೇನೆ, ಆದರೆ ಮೊದಲ ಪ್ರೀತಿ ಬಸ್ಸು. ಇದನ್ನು ಅಮೆರಿಕದಲ್ಲಿ ನಾವಿರುವ ಪಿಸ್ಕಾಟವೇ ಊರಿನ ಯಾವ ಸತ್ಯನಾರಾಯಣ ಪೂಜೆಯಲ್ಲಿ ಹೇಳಿದರೂ ಪ್ರಸಾದದ ತಟ್ಟೆ ಹಿಡಿದವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಆಂಟಿ, ನೀವು ಫೋಟೋಗ್ರಫಿ ಮಾಡ್ತೀರಂತೆ, ನಮ್ಮ ಪಾಪೂದು ಫಸ್ಟ್ ಬರ್ತ್‌ಡೇ ಇದೆ" ಎಂದು ಬಂದ ಹುಡುಗಿಯೊಬ್ಬಳಿಗೆ, "ನಿಮ್ಮ ಪಾಪು ನಲವತ್ತು ಫೂಟ್ ಉದ್ದ ಇದ್ರ ಹೇಳವಾ, ಬರ್ತೀನಿ" ಎಂದಿದ್ದೆ. ಆಕೆ ಮತ್ತೆ ಕೇಳಲಿಲ್ಲ.

ಈ ಹುಚ್ಚು ಇಲ್ಲಿಗೆ ಬಂದ ಮೇಲೆ ಹತ್ತಿದ್ದಲ್ಲ. ಗದಗಿನಲ್ಲಿ ನಾನು ಹೈಸ್ಕೂಲಿಗೆ ಹೋಗುವ ದಾರಿಯಲ್ಲೇ ಬಸ್‌ಸ್ಟ್ಯಾಂಡು ಇತ್ತು. ಕೆಂಪು ಬಸ್ಸುಗಳು ಕಂಡಕ್ಟರ್ ಊದುವ ಸೀಟಿಯ ಸದ್ದಿಗೆ ತಕ್ಕಂತೆ ಹಿಂದೆ ಹಿಂದೆ ಬಂದು ತಮ್ಮ ಜಾಗದಲ್ಲಿ ನಿಲ್ಲುವುದನ್ನು ನೋಡುತ್ತ ನಿಲ್ಲಬೇಕೆಂದು ಬಲು ಆಸೆ. ನನ್ನ ಅಣ್ಣ ನಿಲ್ಲುತ್ತಿದ್ದ, ಅವನ ಗೆಳೆಯರು ನಿಲ್ಲುತ್ತಿದ್ದರು. ನಾನು ಒಂದೇ ಒಂದು ಸಲ ಹತ್ತು ನಿಮಿಷ ನಿಂತದ್ದಕ್ಕೆ, ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಯಾರ ದಾರಿ ಕಾಯಾಕತ್ತಿದ್ದಿ?" ಎಂದು ಅವ್ವ ಕೇಳಿದಳು. ಬಸ್ಸಿನ ದಾರಿ ಎಂದರೆ ಯಾರು ನಂಬಬೇಕು? ಹೆಣ್ಣುಮಗಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಳೆಂದರೆ ಎಲ್ಲಿಗಾದರೂ ಹೋಗುತ್ತಿರಬೇಕು, ಇಲ್ಲವೇ ಯಾರಿಗಾದರೂ ಕಾಯುತ್ತಿರಬೇಕು. ಸುಮ್ಮನೆ ನೋಡುವುದು ಗಂಡಸರ ಕೆಲಸವಾಗಿತ್ತು.

ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಟೆಲಿಕಾಂ ಆಫೀಸೊಂದರಲ್ಲಿ ಯಂತ್ರಗಳ ತಪ್ಪು ಹುಡುಕುವ ಕೆಲಸ ಹಿಡಿದೆ. ಆ ಕೆಲಸಕ್ಕೆ ನನ್ನ ಸ್ವಭಾವ ಹೇಳಿ ಮಾಡಿಸಿದಂತಿದೆ ಎಂದು ನನ್ನ ಗಂಡ ಇಂದಿಗೂ ಹೇಳುತ್ತಾರೆ. ಅವರು ಮೈಸೂರಿನವರು, ಹೆಂಡತಿಯೊಬ್ಬಳನ್ನು ಬಿಟ್ಟು ಯಾರನ್ನು ಬೈದರೂ ಬಹುವಚನದಲ್ಲಿ ಬೈಯುವ ಜನ. ಅವರಿಗೆ ಸಮುದ್ರವೆಂದರೆ ಪ್ರಾಣ. ಮಗಳಿಗೆ ಐದು ವರ್ಷವಾದ ಬೇಸಿಗೆಯಿಂದ ಪ್ರತಿ ಶನಿವಾರ ಆಸ್ಬರಿ ಪಾರ್ಕ್ ಎಂಬ ಕಡಲೂರಿಗೆ ಡ್ರೈವ್ ಮಾಡುವುದು ನಮ್ಮ ಮನೆಯ ಪದ್ಧತಿಯಾಯಿತು. ಬೀಚಿಗೆ ಇಳಿಯಲು ಬ್ಯಾಡ್ಜ್ ಕೊಂಡು ಎದೆಗೆ ಸಿಕ್ಕಿಸಿಕೊಳ್ಳಬೇಕು. ಅವರಿಬ್ಬರೂ ಸಿಕ್ಕಿಸಿಕೊಂಡು ನೀರಿಗೆ ಓಡುತ್ತಿದ್ದರು. ಮೊದಲ ಸಲ ನಾನು ಛತ್ರಿಯ ಕೆಳಗೆ ಇಡ್ಲಿ ಡಬ್ಬಿ ಕಾಯುತ್ತ, ಚಟ್ನಿಯೊಳಗೆ ಬಿದ್ದ ಉಸುಕನ್ನು ಬೈಯುತ್ತ ಕೂತಿದ್ದೆ.

ಎರಡನೆಯ ಶನಿವಾರವೇ ಉಸುಕಿನ ಕಾಟ ತಡೆಯಲಾರದೆ ಎದ್ದು ಊರೊಳಗೆ ನಡೆದೆ. ದಂಡೆಯಿಂದ ಸ್ವಲ್ಪ ದೂರ ಹೋದರೆ ಸ್ಟೇಷನ್ನು. ಬಸ್ಸು, ರೈಲು ಎರಡೂ ಒಂದೇ ಅಂಗಳದಲ್ಲಿ. ಒಂದು ಬಸ್ಸು ಮೂಲೆಯಲ್ಲಿ ತಿರುಗಿ, ಮೊಣಕಾಲೂರಿದಂತೆ ಒಂದು ಪಕ್ಕ ತಗ್ಗಿ, ಮುದುಕಿಯೊಬ್ಬಳನ್ನು ಹತ್ತಿಸಿಕೊಂಡು ಮತ್ತೆ ಮೇಲೆದ್ದಿತು. ನಾನು ಬಾಯಿ ತೆರೆದು ನೋಡಿದೆ. ಮುಂದಿನದು ಬರುವವರೆಗೂ ನಿಂತೆ, ಅದರ ಮುಂದಿನದಕ್ಕೂ ನಿಂತೆ. ಒಂದು ಗಂಟೆಯಾಯಿತು. ಯಾರೂ ಹೋಗಿ ಅವ್ವನಿಗೆ ಹೇಳಲಿಲ್ಲ. ಆ ದಿನ ನನಗಾದ ಸಂತೋಷವನ್ನು ಏನೆಂದು ಹೇಳಲಿ? ಮುಂದಿನ ವಾರ ಕ್ಯಾಮರಾ ಕೊರಳಿಗೆ ಹಾಕಿಕೊಂಡೇ ಹೋದೆ.

ಬಸ್ಸಿನ ಫೋಟೋ ತೆಗೆಯುವುದು ಸುಲಭವಲ್ಲ. ಬೆಳಕು ಮುಖದ ಮೇಲಿರಬೇಕು, ಹಣೆಯ ಮೇಲಿನ ನಂಬರು ಸ್ಪಷ್ಟವಾಗಿ ಓದಬರಬೇಕು, ಚಕ್ರ ತುಸು ಹೊರಳಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮುಂದೆ ಜನ ಇರಬಾರದು. ಮನುಷ್ಯರು ಬಂದು ನಿಂತರೆ ಫೋಟೋ ಅವರದಾಗಿಬಿಡುತ್ತದೆ, ಬಸ್ಸು ಹಿಂದಿನ ಗೋಡೆಯಾಗುತ್ತದೆ. ರೈಲಿನದೂ ಅದೇ ಲೆಕ್ಕ. ಹಿಂದಿನ ಲಾಂಗ್ ಬ್ರಾಂಚ್ ಸ್ಟೇಷನ್ನಿನವರೆಗೆ ಕರೆಂಟಿನಲ್ಲಿ ಓಡುವ ಆ ಹಾದಿ, ಅಲ್ಲಿಂದ ಮುಂದೆ ಡೀಸೆಲ್ ಇಂಜಿನ್ನಿನ ಪಾಲು. ಅದು ಗುಡುಗುತ್ತ ಬಂದು ನಿಲ್ಲುವಾಗ ಪ್ಲಾಟ್‌ಫಾರಂ ಬರಿದಾಗಿರಬೇಕು. ದಂಡೆಯ ಫೋಟೋಕ್ಕೆ ನಾನು ಇಳಿಯುತ್ತಿದ್ದುದೇ ಬ್ಯಾಡ್ಜ್ ನೋಡುವವರು ಬಂದು ಕೂರುವ ಮೊದಲು, ಲೈಫ್‌ಗಾರ್ಡಿನ ಎತ್ತರದ ಬಿಳಿ ಕುರ್ಚಿ ಖಾಲಿ ಇರುವಾಗ. "ನಿನ್ನ ಫೋಟೋ ನೋಡಿದ್ರೆ ಊರಲ್ಲಿ ಕರ್ಫ್ಯೂ ಹಾಕಿದಾರೆ ಅನ್ಸುತ್ತೆ ಕಣೆ" ಎನ್ನುತ್ತಿದ್ದರು ನನ್ನ ಗಂಡ.

ಒಮ್ಮೆ ಪೊಲೀಸನೊಬ್ಬ ಬಂದು, ರೈಲಿನ ಫೋಟೋ ಏಕೆ ತೆಗೆಯುತ್ತಿದ್ದೀರಿ ಎಂದು ಮರ್ಯಾದೆಯಿಂದಲೇ ಕೇಳಿದ. ಕ್ಯಾಮರಾದ ಪರದೆಯಲ್ಲಿ ಒಂದೊಂದೇ ತೋರಿಸುತ್ತ, ಯಾವ ಇಂಜಿನ್ನಿನ ಮೂಗು ಯಾಕೆ ಚಂದ ಎಂದು ವಿವರಿಸತೊಡಗಿದೆ. ಅರವತ್ತನೆಯದಕ್ಕೆ ಬರುವಷ್ಟರಲ್ಲಿ ಅವನಿಗೆ ಬೇರೆ ತುರ್ತು ಕೆಲಸ ನೆನಪಾಯಿತು.

ಮಗಳು ನೀರಿನಲ್ಲಿ ಇರುತ್ತಿದ್ದುದು ಮೊದಲ ಒಂದು ಗಂಟೆ ಮಾತ್ರ. ಆಮೇಲೆ ಅವಳಪ್ಪ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ನಿದ್ದೆ ಹೋದರೆ, ಅವಳು ನನ್ನ ಜೊತೆ ಸ್ಟೇಷನ್ನಿಗೆ ಬರುತ್ತಿದ್ದಳು. ಐದರಿಂದ ಹದಿನಾರರವರೆಗೆ, ಬೇಸಿಗೆಯ ಶನಿವಾರಗಳೆಲ್ಲ ಹೀಗೇ ಹೋದವು. ಆಮೇಲೆ ಅವಳಿಗೆ ಅವಳ ಸ್ನೇಹಿತರು, ಕಾಲೇಜು, ಕೆಲಸ. ನಾನು ಮಾತ್ರ ಬಿಡಲಿಲ್ಲ.

ಈ ವರ್ಷ ಅವಳ ಮದುವೆ ಗೊತ್ತಾಯಿತು. ಹುಡುಗ ನ್ಯೂಯಾರ್ಕ್ ಕಡೆಯ ಫ್ಲೋರಲ್ ಪಾರ್ಕ್ ಊರಿನವನು, ಒಳ್ಳೆಯವನು, ಬಸ್ಸಿನ ಬಗ್ಗೆ ಏನೂ ಗೊತ್ತಿಲ್ಲ. ಇಲ್ಲಿನ ನಮ್ಮ ಮದುವೆಗಳಲ್ಲಿ ರಿಸೆಪ್ಷನ್ನಿನ ದಿನ ಸ್ಲೈಡ್ ಶೋ ಇರಲೇಬೇಕು. ತಾಳಿ ಒಂದು ಗಳಿಗೆ ತಡವಾದರೂ ನಡೆದೀತು, ಗಂಡು ಹೆಣ್ಣು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದ ಫೋಟೋಗಳನ್ನು ಗೋಡೆಯ ಮೇಲೆ ಬಿಡದಿದ್ದರೆ ನಡೆಯದು. ಹುಡುಗನ ತಾಯಿ ಆಗಲೇ ಇನ್ನೂರು ಕಳಿಸಿದ್ದರಂತೆ. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ನಾನು ನಕ್ಕೆ.

ಮಗಳು ಫೋನು ಮಾಡಿದಳು. "ಅಮ್ಮಾ, ಐ ನೀಡ್ ಫಿಫ್ಟೀನ್ ಪಿಕ್ಚರ್ಸ್. ಸ್ಕೂಲ್‌ದು ಬೇಡ, ಬರ್ತ್‌ಡೇದು ಬೇಡ. ಶೋರ್‌ದು ಬೇಕು. ವೀ ವರ್ ದೇರ್ ಎವ್ರಿ ಸಾಟರ್‌ಡೇ."

"ಹದಿನೈದ ಸಾಕೇನು? ನೂರಾ ಐವತ್ತು ಕೊಡ್ತೀನಿ, ಆರಿಸ್ಕೊ" ಎಂದೆ.

ಊಟ ಮುಗಿಸಿ ಹಾರ್ಡ್ ಡಿಸ್ಕುಗಳನ್ನು ತೆಗೆದು ಕೂತೆ. ನನ್ನ ವ್ಯವಸ್ಥೆ ಬಲು ಅಚ್ಚುಕಟ್ಟು. ಬಸ್ಸಿನ ರೂಟ್ ನಂಬರಿನ ಪ್ರಕಾರ ಒಂದಿಷ್ಟು, ಇಂಜಿನ್ನಿನ ನಂಬರಿನ ಪ್ರಕಾರ ಒಂದಿಷ್ಟು, ದಂಡೆಯವು ಬೆಳಕಿನ ಪ್ರಕಾರ. ಮಗಳ ಹೆಸರಿನಲ್ಲಿ ಯಾವುದೂ ಇರಲಿಲ್ಲ. ಇರಲಿ, ಇದರೊಳಗೇ ಎಲ್ಲೋ ಇರುತ್ತಾಳೆ ಎಂದು ಒಂದು ತುದಿಯಿಂದ ನೋಡುತ್ತ ಹೊರಟೆ. ಬಸ್ಸು, ಬಸ್ಸು, ಬಸ್ಸು. ಖಾಲಿ ಬೋರ್ಡ್‌ವಾಕು. ಖಾಲಿ ಕುರ್ಚಿ. ಎರಡನೆಯ ದಿನದ ಹೊತ್ತಿಗೆ ನನ್ನ ನಗು ನಿಂತಿತ್ತು. ಒಂದು ಫೋಟೋದ ಎಡತುದಿಯಲ್ಲಿ ಪುಟ್ಟ ಮೊಣಕೈ ಇತ್ತು. ಇನ್ನೊಂದರಲ್ಲಿ ಕಂಬದ ಹಿಂದಿನಿಂದ ಜಡೆಯ ತುದಿ. ಇನ್ನೊಂದರಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಗುಲಾಬಿ ಚಪ್ಪಲಿ ಮತ್ತು ಒಂದು ಉದ್ದ ನೆರಳು. ಹನ್ನೆರಡು ಬೇಸಿಗೆಗಳಲ್ಲಿ ನನ್ನ ಮಗಳ ಮುಖ ಒಂದೇ ಒಂದು ಕಡೆಯೂ ಇರಲಿಲ್ಲ.

ನನಗೆ ತಡೆಯಲಾರದಷ್ಟು ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಜಗಳ ತೆಗೆಯುತ್ತೇನೆ. ಗಂಡನ ಬಳಿ ಹೋಗಿ, "ನೀವಾದ್ರೂ ನಾಲ್ಕು ತೆಗೀಬೇಕಿತ್ತಿಲ್ಲೊ?" ಎಂದೆ.

"ತೆಗ್ದಿದ್ದೆ. ಫೋನ್ ಜೇಬಲ್ಲಿಟ್ಕೊಂಡು ನೀರಿಗಿಳಿದ್ಬಿಟ್ಟೆನಲ್ಲ, ಎರಡು ಸಲ."

"ಹಂಗಾರ ನನ್ನ ಕ್ಯಾಮರಾ ಇಸ್ಕೋಬೇಕಿತ್ತು."

"ನೀನು ಕೊಡ್ತಿದ್ದೆಯಾ?" ಎಂದು ಮೆತ್ತಗೆ ಕೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಪೈಕಿ ಆಯಿತು ನನ್ನದು. ಅಲ್ಲಿಂದ ಹೊರಟೆ. "ಅವಳಿಗೆ ನೀನೇ ಹೇಳು" ಎಂದು ಅವರು ಹಿಂದಿನಿಂದ ಕೂಗಿದರು.

ವಾರದ ಕೊನೆಗೆ ಮಗಳು ಮನೆಗೆ ಬಂದಾಗ ಹೇಳಿದೆ. ಅವಳು ನಗುತ್ತ, ತೋರಿಸು ನೋಡೋಣ ಎಂದು ಪಕ್ಕದಲ್ಲಿ ಕೂತಳು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದೊಂದು ಬಸ್ಸು ಬಂದಂತೆ ಅವಳು ಪರದೆಯ ಆಚೆ, ಏನೂ ಇಲ್ಲದ ಕಡೆ ಬೆರಳಿಟ್ಟು ಹೇಳತೊಡಗಿದಳು. "ಇಲ್ಲಿದ್ದೆ ನಾನು. ಐಸ್‌ಕ್ರೀಮ್ ಬಿದ್ದುಹೋಗಿತ್ತು, ಐ ವಾಸ್ ಕ್ರೈಯಿಂಗ್." ಇನ್ನೊಂದಕ್ಕೆ, "ಈ ಟ್ರಕ್ ಹಿಂದೆ. ಐ ಹ್ಯಾಡ್ ಟು ಪೀ ಸೋ ಬ್ಯಾಡ್." ಮತ್ತೊಂದಕ್ಕೆ, "ಇದು ನನ್ನ ಹಲ್ಲು ಬಿದ್ದ ದಿನ, ರಿಮೆಂಬರ್?" ನನಗೆ ನೆನಪಿದ್ದುದು ಆ ಬಸ್ಸಿಗೆ ಹೊಸ ಬಣ್ಣ ಹೊಡೆದಿದ್ದರೆಂಬುದು. ಹಲ್ಲು ಮರೆತೇಹೋಗಿತ್ತು.

"ಅಳಾಕತ್ತಿದ್ದಿ ಅಂದ್ರ ನಾನು ನೋಡ್ಲಿಲ್ಲೇನು?" ಎಂದೆ.

"ಯೂ ಡಿಡ್, ಆಫ್ಟರ್. ಇನ್ನೊಂದು ಕೊಡಿಸ್ದೆ." ಪರದೆಯನ್ನೇ ನೋಡುತ್ತ, "ನಾನು ಬಂದ್ರೆ ಫೋಟೋ ಹಾಳಾಗುತ್ತೆ ಅಂತ ನಂಗೆ ಗೊತ್ತಿತ್ತಲ್ಲಮ್ಮ" ಎಂದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ, ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವ ಹಾಗೆ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಡ ಎಂದು ನನಗೆ ಹೇಳಿದವರನ್ನು ನಲವತ್ತು ವರ್ಷ ಬೈದುಕೊಂಡೆ. ನಾನು ನನ್ನ ಮಗಳಿಗೆ ಅದನ್ನೇ ಹೇಳಿದ್ದೆ.

ತಪ್ಪಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಕನ್ನಡದಲ್ಲಿ ಆಡುವುದಿಲ್ಲ. ಸಾರಿ ಎನ್ನುತ್ತೇವೆ, ಅದಕ್ಕೆ ಭಾರ ಕಡಿಮೆ. ಅಂದು ಮಾತ್ರ "ತಪ್ಪಾತವಾ" ಎಂದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದು, "ಅಮ್ಮಾ, ಇಟ್ಸ್ ಫೈನ್, ಇಟ್ಸ್ ಫನ್ನಿ" ಎಂದಳು. ಫನ್ನಿ ಅಲ್ಲ ಎಂದೆ. ನಾಳೆಯೇ ಶೋರಿಗೆ ಹೋಗೋಣ, ಹದಿನೈದು ಇಲ್ಲದಿದ್ದರೆ ಒಂದಾದರೂ ತೆಗೆಯುತ್ತೇನೆ ಎಂದೆ. ಇಪ್ಪತ್ತೇಳು ವರ್ಷದವಳ ಫೋಟೋ ಬಾಲ್ಯದ ಸ್ಲೈಡ್ ಶೋಗೆ ಯಾಕೆ ಎಂದು ಅವಳು ಕೇಳಲಿಲ್ಲ. ಹಳದಿ ಸ್ವೆಟರ್ ತಂದಿದ್ದೇನೆ, ಅದನ್ನು ಹಾಕಿಕೊಳ್ಳಲೇ ಎಂದಷ್ಟೇ ಕೇಳಿದಳು.

ಬೇಸಿಗೆ ಮುಗಿದಿತ್ತು. ದಂಡೆಯ ಮೇಲೆ ನಾಯಿ ಆಡಿಸುವವರು ಬಿಟ್ಟರೆ ಯಾರೂ ಇರಲಿಲ್ಲ. ನನ್ನ ಗಂಡ ಕಾಫಿ ತರುತ್ತೇನೆಂದು ಬೋರ್ಡ್‌ವಾಕಿನಲ್ಲೇ ಉಳಿದರು. ನಾವಿಬ್ಬರು ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರಂ ಪೂರ್ತಿ ಬಿಸಿಲಿನಲ್ಲಿತ್ತು, ಅಂಥ ಬೆಳಕು ವರ್ಷಕ್ಕೆ ನಾಲ್ಕು ದಿನ ಸಿಕ್ಕರೆ ಹೆಚ್ಚು. ಚೀಲ ಕೆಳಗಿಟ್ಟು, ಅವಳನ್ನು ಒಂದು ಕಡೆ ನಿಲ್ಲಿಸಿ, ಕ್ಯಾಮರಾ ಕಣ್ಣಿಗೆ ಹಿಡಿದೆ. ಆಗ ದೂರದ ರೈಲ್ವೆ ಗೇಟಿನ ಗಂಟೆ ಬಾರಿಸತೊಡಗಿತು.

ಅವಳು ಕೈಯಲ್ಲಿದ್ದ ಫೋನಿನಿಂದ ತಲೆ ಕೂಡ ಎತ್ತಲಿಲ್ಲ. ನನ್ನ ಚೀಲವನ್ನು ಎತ್ತಿ ಎದೆಗವಚಿಕೊಂಡು, ಎಣಿಸಿದಂತೆ ಮೂರು ಹೆಜ್ಜೆ ಹಿಂದೆ ಹೋಗಿ, ಕಂಬದ ಮರೆಗೆ ನಿಂತಳು. ನನ್ನ ಮುಂದೆ ಇದ್ದುದು ಬರೀ ಹಳಿ, ಬಿಸಿಲು.

"ಎಲ್ಲಿ ಹೊಂಟಿ?" ಎಂದೆ.

"ಟ್ರೈನ್ ಬರ್ತಿದೆ."

"ಬರ್ಲಿ. ಮುಂದ ಬಾ. ಇಲ್ಲೇ ನಿಂದ್ರು."

"ಓ, ರೈಟ್" ಎಂದು ನಕ್ಕು ಬಂದಳು. ಚೀಲ ಎಲ್ಲಿಡುವುದೆಂದು ತಿಳಿಯದೆ ನನಗೇ ಕೊಟ್ಟಳು. ಸ್ನೇಹಿತರ ಫೋನಿನ ಮುಂದೆ ಗದ್ದ ಯಾವ ಕಡೆಗೆ ತಿರುಗಿಸಬೇಕು, ಕೈ ಎಲ್ಲಿಡಬೇಕು ಎಂಬುದೆಲ್ಲ ಬಲ್ಲವಳು. ನನ್ನ ಕ್ಯಾಮರಾದ ಮುಂದೆ ಕೈಗಳನ್ನು ಒಮ್ಮೆ ಕಟ್ಟಿದಳು, ಬಿಟ್ಟಳು, ಸ್ವೆಟರಿನ ತೋಳೊಳಗೆ ಎಳೆದುಕೊಂಡಳು. "ವೇರ್ ಡು ಐ ಲುಕ್?" ಎಂದು ಕೇಳಿದಳು. ಇಷ್ಟು ವರ್ಷ ಕ್ಯಾಮರಾ ಹಿಡಿದು ಜನರಿಗೆ ಪಕ್ಕಕ್ಕೆ ಸರಿಯಿರಿ ಎಂದು ಹೇಳಿ ಗೊತ್ತೇ ಹೊರತು, ಎಲ್ಲಿ ನೋಡಬೇಕೆಂದು ಯಾರಿಗೂ ಹೇಳಿದವಳಲ್ಲ ನಾನು.

"ನನ್ನ ಕಡೆ ನೋಡವಾ" ಎಂದೆ.

ನೋಡಿದಳು. ಅವಳ ಬೆನ್ನ ಹಿಂದೆ ಇಂಜಿನ್ನು ನಿಧಾನವಾಗಿ ಒಳಗೆ ಬರುತ್ತಿತ್ತು. ಮುಖದಲ್ಲಿ ನಗುವಿತ್ತು, ಆದರೆ ಒಂದು ಕಾಲು ಮಾತ್ರ ಮೆಲ್ಲಗೆ, ಅವಳಿಗೇ ತಿಳಿಯದ ಹಾಗೆ, ಪಕ್ಕಕ್ಕೆ ಸರಿಯುತ್ತಲೇ ಇತ್ತು.