ಬುದ್ಧನ ಫೋಟೊ ಕೆಳಗಿನ ಜಪಾನಿ ಕ್ಯಾಸೆಟ್ಟು

ಕಳೆದ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನನ್ನ ತಂಗಿಯ ಮಗಳು ಒಂದು ಹಳೆಯ ಕ್ಯಾಸೆಟ್ಟಿನ ಹೊದಿಕೆಯ ಫೋಟೊ ತೆಗೆದು, ಅದರ ಮೇಲಿದ್ದ ಜಪಾನಿ ಅಕ್ಷರಗಳನ್ನು ಫೋನಿನಿಂದ ಓದಿಸಿದಳು. ಅದು ಜಪಾನಿನ ಒಂದು ರಾಕ್ ತಂಡದ ಆಲ್ಬಮ್ ಎಂದೂ ಅದರ ಹೆಸರಿನ ಅರ್ಥ ‘ನೀರಿಳಿದ ದಡ’ ಎಂದೂ ತಿಳಿಯಿತು. ನಮ್ಮ ಮನೆಯಲ್ಲಿ ಅದನ್ನು ಬುದ್ಧನ ಸೂತ್ರವೆಂದು ನಂಬಿದ್ದೆವು. ಅವಳು ಅಂತರಜಾಲದಲ್ಲಿ ಹುಡುಕಿ ಅದನ್ನು ಹಾಕಿದಳು. ಆರ್ಗನ್ನಿನ ಒಂದೇ ಸ್ವರ ಉದ್ದಕ್ಕೆ ಎಳೆಯಿತು, ನಡುವೆ ಗಂಟೆಯ ಒಂದು ಸದ್ದು. ಅಷ್ಟಕ್ಕೇ ನನ್ನ ಮೂಗಿಗೆ ಕೊಬ್ಬರಿಯ ಕಮಟು ವಾಸನೆ ಬಂತು.

ಅರಸೀಕೆರೆ ಸ್ಟೇಷನ್ನಿನ ಹಿಂದೆ ಕೊಬ್ಬರಿ ಗೋದಾಮುಗಳ ಸಾಲು ಮುಗಿಯುವಲ್ಲಿ ನಮ್ಮ ಮನೆಯಿತ್ತು. ಆ ವಾಸನೆ ಗೋಡೆಗೆ, ಹೊದಿಕೆಗೆ, ಮಕ್ಕಳ ತಲೆಗೂದಲಿಗೆ ಹತ್ತಿಕೊಂಡಿರುತ್ತಿತ್ತು. ಅಪ್ಪ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು. ತಾತ ಜಾವಗಲ್ ಕಡೆಯ ಹಳ್ಳಿಯವರು. ಅಲ್ಲಿ ಊರಿನ ಸಾವುಗಳಿಗೆಲ್ಲ ತಮಟೆ ಬಡಿಯುವುದು ನಮ್ಮ ಮನೆಯವರ ಪಾಲಿನ ಕೆಲಸವಾಗಿತ್ತು. ಒಂದು ಸಾವಿಗೆ ತಾತ ಬರುವುದಿಲ್ಲ ಎಂದರು. ಊರಿನವರು ಎಳೆದುಕೊಂಡು ಹೋಗಿ ತಮಟೆ ಬಡಿಯುವಂತೆ ಮಾಡಿದರು, ಆಮೇಲೆ ಅವರ ಕೈ ಮುರಿದರು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ತಾತ ಅರಸೀಕೆರೆಗೆ ಬಂದು, ಬೌದ್ಧರಾಗಿ, ದೇವರ ಗೂಡಿನಲ್ಲಿ ಬುದ್ಧನ ಫೋಟೊ ಇಟ್ಟರು. ಮನೆಯಲ್ಲಿ ಇದ್ದದ್ದು ಒಂದೇ ಕಟ್ಟುಪಾಡು: ತಮಟೆಯ ಸದ್ದು ಹೊಸಿಲು ದಾಟಬಾರದು. ಮಕ್ಕಳು ತಟ್ಟೆ ಬಡಿದರೂ ಅಜ್ಜಿ ಕೈ ಹಿಡಿಯುತ್ತಿದ್ದಳು. ಒಂದು ಸದ್ದಿಗೆ ಹೆದರುವ ಮನೆಯಲ್ಲಿ ನೀವೂ ಬೆಳೆದಿದ್ದರೆ, ಅಲ್ಲಿನ ಮೌನ ಎಂಥದೆಂದು ನಿಮಗೆ ಹೇಳಬೇಕಿಲ್ಲ.

ಹಳೇಬೀಡಿನ ಶಿಲ್ಪ ನೋಡಿ ಬಂದ ಜಪಾನಿನ ಯುವಕನೊಬ್ಬ ಒಂದು ಮಧ್ಯಾಹ್ನ ರೈಲು ತಪ್ಪಿಸಿಕೊಂಡ. ಅಪ್ಪ ಅವನನ್ನು ಊಟಕ್ಕೆ ಕರೆತಂದರು. ಅವನು ರಾಗಿ ಮುದ್ದೆಯನ್ನು ಅಗಿಯುತ್ತಲೇ ಇದ್ದ. ‘ನುಂಗಪ್ಪಾ, ಅಗೀಬ್ಯಾಡ, ಅದೇನ್ ಕಬ್ಬಾ?’ ಎಂದು ಅಜ್ಜಿ ಕನ್ನಡದಲ್ಲೇ ಗದರಿದಳು. ಹೊರಡುವಾಗ ಅವನು ಬುದ್ಧನ ಫೋಟೊದ ಮುಂದೆ ಬಹಳ ಹೊತ್ತು ತಲೆ ಬಾಗಿಸಿ ನಿಂತು, ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಎರಡೂ ಕೈಯಿಂದ ತಾತನಿಗೆ ಕೊಟ್ಟ. ಬುದ್ಧನ ದೇಶದವನು, ಬುದ್ಧನಿಗೆ ಕೈಮುಗಿದು ಕೊಟ್ಟದ್ದು, ಸೂತ್ರವಲ್ಲದೆ ಬೇರೇನಾದೀತು? ಬಿಳಿ ಬಟ್ಟೆಯಲ್ಲಿ ಸುತ್ತಿ ಫೋಟೊದ ಕೆಳಗಿಟ್ಟೆವು.

ಬುದ್ಧ ಪೂರ್ಣಿಮೆಯ ದಿನ ಟೇಪ್ ರೆಕಾರ್ಡರ್ ತಂದು, ಕೇರಿಯವರನ್ನೆಲ್ಲ ಕೂರಿಸಿ ಹಾಕಿದರು. ಆರ್ಗನ್ನು, ಗಂಟೆ, ಗುನುಗುವ ಒಂದು ಗಂಡುದನಿ. ಬಿಳಿ ಬಟ್ಟೆ ತೊಟ್ಟವರೆಲ್ಲ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಡ್ರಮ್ಮು ಸಿಡಿಯಿತು. ಕೆಲವರು ಎದ್ದು ನಿಂತರು. ‘ಜಪಾನ್ನೋರು ಹಿಂಗೇ ಪ್ರಾರ್ಥ್ನೆ ಮಾಡ್ತಾರೋ ಏನೋ, ಕೂತ್ಕಳ್ರಿ ಸುಮ್ನೆ’ ಎಂದರು ಒಬ್ಬ ಹಿರಿಯರು. ‘ಬುದ್ಧಂಗೆ ಮದ್ವೆ ದಿಬ್ಣ ಹೊಂಟಂಗೈತೆ’ ಎಂದಳು ಅಜ್ಜಿ. ನಕ್ಕವರು ನಕ್ಕರು. ತಾತ ಮಾತ್ರ ಗೋಡೆ ಹಿಡಿದು ಎದ್ದರು. ‘ನಿಲ್ಸಲಾ ಅದ್ನ!’

ಅದನ್ನು ಕೇಳುವುದನ್ನು ನಿಲ್ಲಿಸಲಾಗದವನು ನನ್ನ ಚಿಕ್ಕಪ್ಪ ಮೂರ್ತಿ. ತಾತ ಹೊರಗೆ ಹೋದಾಗಲೆಲ್ಲ ಅದನ್ನು ಕೇಳಿದ. ಎಣ್ಣೆ ಡಬ್ಬಿಗಳನ್ನು ಬೋರಲು ಹಾಕಿ ಬಡಿದು ಕಲಿತ. ಕೊನೆಗೆ ಬೇಲೂರಿನ ಒಂದು ಬ್ಯಾಂಡ್‌ಸೆಟ್ಟಿಗೆ ಸೇರಿದ. ಹೊರಡುವ ದಿನ ಅಂಗಳದಲ್ಲಿ ತಾತನೊಂದಿಗೆ ಜಗಳವಾಯಿತು.

‘ಇದು ಸಾವಿನ ತಮಟೆ ಅಲ್ಲ ಕಣಪ್ಪ, ಡ್ರಮ್ಮು. ನನ್ನ ಯಾರೂ ಕೂಗಿ ಕರೆದಿಲ್ಲ, ನಾನಾಗೇ ಹೋಗ್ತಿರೋದು.’

‘ಕೇಳೋರು ಬ್ಯಾರೆ ಆಗ್ಬೋದು. ಬಡಿಯೋರು ನಾವೇ ಅಲ್ವೇನ್ಲಾ?’

ಚಿಕ್ಕಪ್ಪ ಚೀಲ ಎತ್ತಿಕೊಂಡು ಹೊರಟ. ಹಬ್ಬಕ್ಕೆ ಬಂದರೂ ಅವನು ಜಗಲಿಯಲ್ಲೇ ಉಂಡು ಹೋಗುತ್ತಿದ್ದ. ಇಬ್ಬರೂ ಮತ್ತೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಒಂದು ಮದುವೆ ಮುಗಿಸಿ ಬರುವಾಗ ಬಿಕ್ಕೋಡು ರಸ್ತೆಯಲ್ಲಿ ಬ್ಯಾಂಡಿನವರ ಜೀಪು ಮಗುಚಿತು. ಸತ್ತವನು ಚಿಕ್ಕಪ್ಪನೊಬ್ಬನೇ. ಹೆಣವನ್ನು ಜಗಲಿಯ ಮೇಲೆ ಮಲಗಿಸಿ ಮೇಣದ ಬತ್ತಿ ಹಚ್ಚಿದರು. ಬೇಲೂರಿನಿಂದ ಅವನ ಜೊತೆಗಾರರು ತಮಟೆ ಹಿಡಿದು ಬಂದಿದ್ದರು. ಬೀದಿಯಲ್ಲಿ ತೆಂಗಿನ ಗರಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸತೊಡಗಿದಾಗ ಸುಟ್ಟ ಚರ್ಮದ ವಾಸನೆ ಒಳಕ್ಕೆ ಬಂತು. ತಾತ ಬಾಗಿಲಿಗೆ ಅಡ್ಡ ನಿಂತರು.

‘ಯಜಮಾನ್ರೇ, ಅವ್ನು ನಮ್ಮೋನು. ಸದ್ದಿಲ್ದೆ ಹೆಂಗ್ ಕಳ್ಸೋದು?’ ಎಂದ ಒಬ್ಬ.

‘ನನ್ ಮಗ ಅವ್ನು. ನನ್ ಬಾಗ್ಲಲ್ಲಿ ತಮಟೆ ಬ್ಯಾಡ.’

ಯಾರೂ ಹಿಂದೆ ಸರಿಯಲಿಲ್ಲ. ಗರಿ ಉರಿದು ಬೂದಿಯಾಯಿತು. ಆಮೇಲೆ ತಾತ ಅಪ್ಪನ ಕಡೆ ತಿರುಗಿ, ‘ಆ ಜಪಾನಿಂದು ತಗಂಬಾ’ ಎಂದರು. ಅಪ್ಪ ಅನುಮಾನಿಸಿದರು. ‘ತಗಂಬಾ. ಅದ್ನ ಬಡ್ದೋನ್ನ ಯಾರೂ ಎಳ್ಕಂಡ್ ಬಂದಿಲ್ಲ.’

ರೆಕಾರ್ಡರನ್ನು ಚಿಕ್ಕಪ್ಪನ ತಲೆಯ ಹತ್ತಿರ ಇಟ್ಟರು. ಆರ್ಗನ್ನಿನ ಸ್ವರ ಮುಗಿಯುವವರೆಗೆ ಇಡೀ ಬೀದಿ ಕಾಯಿತು. ಡ್ರಮ್ಮು ಬಂದಾಗ ಜೊತೆಗಾರರು ತಮಟೆಗಳನ್ನು ನೆಲಕ್ಕೆ ಒರಗಿಸಿದರು. ನಾನು ತಾತನ ಬಲಗೈಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಆ ಬಡಿತದ ನಡುವೆಯೇ ಟೇಪು ಸಿಕ್ಕಿಕೊಂಡು ಸದ್ದು ಎಳೆದಾಡಿ ನಿಂತಿತು. ಅಪ್ಪ ಬೆರಳು ಹಾಕಿ ಬಿಡಿಸಲು ಹೋದರು.

‘ಸಾಕು’ ಎಂದರು ತಾತ. ‘ಅವ್ನ ಎತ್ರಿ.’

ತಾತ ಹೋದರು, ಅಜ್ಜಿ ಹೋದಳು, ಅಪ್ಪನೂ ಹೋದರು. ಮನೆಯಿದ್ದ ಜಾಗದಲ್ಲಿ ಈಗ ಗೋದಾಮಿದೆ. ಕ್ಯಾಸೆಟ್ಟು ತಂಗಿಯ ಮನೆ ಸೇರಿತ್ತು. ಅಂದು ಸಿಕ್ಕಿಕೊಂಡು ತುಂಡಾದ ಟೇಪನ್ನು ಯಾರೂ ಅಂಟಿಸಿರಲಿಲ್ಲ.

ತಂಗಿಯ ಮಗಳು ಆ ಆಲ್ಬಮ್ಮಿನ ಬಗ್ಗೆ ಕೇಳುಗರು ಬರೆದದ್ದನ್ನೂ ಓದಿ ಹೇಳಿದಳು. ಡ್ರಮ್ಮಿನ ಆ ಭಾಗ ಅತಿಯಾಯಿತು, ಇಡೀ ಆಲ್ಬಮ್ಮನ್ನು ಕೆಡಿಸಿದೆ ಎಂದು ಕೆಲವರು. ಕೇಳಬೇಕಾದದ್ದು ಅದೊಂದೇ ಎಂದು ಕೆಲವರು. ವಾದ ಇನ್ನೂ ನಡೆದಿದೆ. ತಂಡ ಇದೊಂದನ್ನೇ ಹೊರತಂದು ಚದುರಿಹೋಯಿತಂತೆ. ನುಡಿಸಿದವರ ಹೆಸರುಗಳು ಆ ಪುಟದ ಕೆಳಗಿವೆ: ಆರ್ಗನ್ನು, ಗಿಟಾರು, ಹಾಡು. ಡ್ರಮ್ಮಿನ ಎದುರು ‘ಹೆಸರು ತಿಳಿದಿಲ್ಲ’ ಎಂದಿದೆ.